ಯಾರು ಹೇಳಿದ್ದು, ಎಲ್ಲಿ ಹೇಳಿದ್ದು? ದೊಡ್ಡವರ ಮಾತುಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಭಾಷಣ ಸಿದ್ಧಪಡಿಸುವವರು, ಕಾರ್ಯಕ್ರಮ ನಿರೂಪಿಸುವವರು, ಮೇಷ್ಟ್ರುಗಳು, ಸ್ಮರಣ ಸಂಚಿಕೆ ತರುವವರು ಮಾತಿನ ನಡುವೆ, ಪತ್ರಗಳಲ್ಲಿ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳಿವು. ಕೇಳಿದವರ ಧಾಟಿಯನ್ನು ಹಾಗೇ ಉಳಿಸಿದ್ದೇನೆ. ನಿಮಗೆ ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಿ ಓದಬಹುದು.

## ಮೊದಲಿಗೆ ಏಳುವ ಅನುಮಾನಗಳು

ಗಾದೆಗೂ ದೊಡ್ಡವರ ಮಾತಿಗೂ ಏನು ವ್ಯತ್ಯಾಸ ಸಾರ್? ಎರಡೂ ಬುದ್ಧಿಮಾತೇ ಅಲ್ವಾ?

ಗಾದೆಗೆ ವಾರಸುದಾರರಿಲ್ಲ, ಎಲ್ಲರದೂ ಹೌದು. ಆದರೆ ಒಂದು ಮಾತಿನ ಕೆಳಗೆ ಹೆಸರು ಹಾಕಿದಿರೋ, ಅದು ಸಾಕ್ಷ್ಯ ಕೇಳುವ ಹೇಳಿಕೆಯಾಗುತ್ತದೆ. ಇಂಥವರು ಇದನ್ನು ಹೇಳಿದರು ಎಂದು ನೀವು ಜವಾಬ್ದಾರಿ ಹೊರುತ್ತೀರಿ. ಮುಂದಿನ ತಕರಾರೆಲ್ಲ ಹುಟ್ಟುವುದು ಇಲ್ಲಿಂದಲೇ.

ಮೊಬೈಲಿಗೆ ಬಂದ ಮಾತು ಅಸಲಿಯೋ ನಕಲಿಯೋ ನೋಡಿದ ತಕ್ಷಣ ಗೊತ್ತಾಗುತ್ತಾ?

ಖಚಿತವಾಗಿ ಗೊತ್ತಾಗದಿದ್ದರೂ ಅನುಮಾನ ಪಡುವಷ್ಟು ಗೊತ್ತಾಗುತ್ತದೆ. ಕೆಳಗೆ ಹೆಸರು ಮತ್ತು ಫೋಟೋ ಮಾತ್ರ ಇದ್ದು ಪುಸ್ತಕ, ಭಾಷಣ, ಪತ್ರ, ಇಸವಿ ಯಾವುದೂ ಇಲ್ಲದಿದ್ದರೆ ಮೊದಲ ಗಂಟೆ ಬಾರಿಸಿತು ಅಂದುಕೊಳ್ಳಿ. ಹಳೆಯ ಕಾಲದವರ ಬಾಯಲ್ಲಿ ಇವತ್ತಿನ ವ್ಯಕ್ತಿತ್ವ ವಿಕಸನ ಶಿಬಿರದ ಭಾಷೆ ಕೇಳಿಸಿದರೆ ಎರಡನೆಯದು. ಚಾಣಕ್ಯ 'ನಿಮ್ಮ ಕಂಫರ್ಟ್ ಝೋನ್ ಬಿಟ್ಟು ಹೊರಬನ್ನಿ' ಎಂದಿರಲಾರ. ಅದೇ ಮಾತು ಒಂದು ಕಡೆ ಬುದ್ಧನ ಹೆಸರಲ್ಲಿ, ಇನ್ನೊಂದು ಕಡೆ ಅಬ್ದುಲ್ ಕಲಾಂ ಹೆಸರಲ್ಲಿ ಸಿಕ್ಕರೆ ಮೂರನೆಯದು. ಆಗ ಬಹುಮಟ್ಟಿಗೆ ಇಬ್ಬರದೂ ಅಲ್ಲ ಎಂದೇ ಹಿಡಿಯಿರಿ.

ಎಲ್ಲಾ ಮಾತೂ ಹೋಗಿ ಹೋಗಿ ಐನ್‌ಸ್ಟೈನ್, ಗಾಂಧಿ, ವಿವೇಕಾನಂದರ ತಲೆಗೇ ಯಾಕೆ ಕೂರುತ್ತೆ?

ನೆಂಟರ ಪೈಕಿ ಒಬ್ಬರು ಸಾಹುಕಾರರಿದ್ದರೆ ಊರಿನ ಸಾಲವೆಲ್ಲ ಅವರ ಹೆಸರಿಗೇ ಬರೆಸಿಕೊಳ್ಳುವ ಹಾಗೆ ಇದು. ಅಪರಿಚಿತರ ಮಾತಿಗೆ ಕಿವಿಗೊಡುವವರು ಕಡಿಮೆ, ಹೆಸರಾಂತರ ಮಾತಾದರೆ ಎಲ್ಲರೂ ದಾಟಿಸುತ್ತಾರೆ. ಹೀಗೆ ಬಾಯಿಂದ ಬಾಯಿಗೆ ಹೋಗುತ್ತಾ ಚಿಕ್ಕ ಹೆಸರು ಉದುರಿ ದೊಡ್ಡ ಹೆಸರು ಅಂಟಿಕೊಳ್ಳುತ್ತದೆ. 'ಅದೇ ಕೆಲಸವನ್ನು ಮತ್ತೆ ಮತ್ತೆ ಮಾಡಿ ಬೇರೆ ಫಲಿತಾಂಶ ನಿರೀಕ್ಷಿಸುವುದೇ ಹುಚ್ಚು' ಎಂಬುದನ್ನು ಐನ್‌ಸ್ಟೈನ್ ಹೆಸರಲ್ಲಿ ಕೇಳದವರಿಲ್ಲ. ಅವರು ತೀರಿಕೊಂಡದ್ದು 1955ರಲ್ಲಿ. ಈ ಮಾತು 1980ರ ದಶಕದ ಆರಂಭದಲ್ಲಿ ವ್ಯಸನಮುಕ್ತಿ ಸಂಘಗಳ ಕರಪತ್ರಗಳಲ್ಲಿ ಕಾಣಿಸಿಕೊಂಡು, ಆಮೇಲೆ ಅವರ ಹೆಸರಿಗೆ ಏರಿತು.

ವಿವೇಕಾನಂದರ ವಿಷಯ ಬೇರೆ. 'ಏಳಿ, ಎದ್ದೇಳಿ' ಎಂದು ಅವರು ಕರೆಕೊಟ್ಟದ್ದು ನಿಜವೇ. ಮೂಲ ಮಾತ್ರ ಕಠೋಪನಿಷತ್ತಿನ 'ಉತ್ತಿಷ್ಠತ ಜಾಗ್ರತ'. ಅವರು ಅದನ್ನು ಮುಚ್ಚಿಟ್ಟವರೂ ಅಲ್ಲ. ಮರೆತವರು ನಾವು.

'ಜಗತ್ತಿನಲ್ಲಿ ಕಾಣಬಯಸುವ ಬದಲಾವಣೆ ನೀವೇ ಆಗಿ' ಅಂತ ಗಾಂಧೀಜಿ ಹೇಳಿಲ್ಲ ಅಂದ್ರೆ ಹೇಗೆ? ನಮ್ಮ ಶಾಲೆ ಗೋಡೆ ಮೇಲೇ ಇದೆಯಲ್ಲ!

ಗೋಡೆ ಬರೆಸಿದವರನ್ನು ಬೈಯಬೇಡಿ, ಜಗತ್ತಿನ ಅರ್ಧ ಗೋಡೆಗಳ ಮೇಲೆ ಅದೇ ಇದೆ. ಆದರೆ ಈ ರೂಪದಲ್ಲಿ ಅದು ಗಾಂಧೀಜಿಯ ಬರಹಗಳಲ್ಲಿ ಸಿಕ್ಕಿಲ್ಲ. ಇದಕ್ಕೆ ಹತ್ತಿರದ ಮಾತು 1913ರಲ್ಲಿ 'ಇಂಡಿಯನ್ ಒಪಿನಿಯನ್' ಪತ್ರಿಕೆಯಲ್ಲಿ ಬಂದಿದೆ. ಅದೂ ಎಂಥ ಜಾಗದಲ್ಲಿ! ಆರೋಗ್ಯದ ಬಗ್ಗೆ ಅವರು ಬರೆಯುತ್ತಿದ್ದ ಲೇಖನಮಾಲೆಯ ಹಾವು ಕಡಿತದ ಅಧ್ಯಾಯದಲ್ಲಿ. ಹಾವಿನ ಕಡೆಗೆ ಮನುಷ್ಯನಿಗಿರುವ ಭಯ, ದ್ವೇಷಗಳ ಮಾತಿನಿಂದ ಹೊರಟು, ನಾವು ಜಗತ್ತಿನ ಪ್ರತಿಬಿಂಬ, ನಮ್ಮನ್ನು ನಾವು ಬದಲಿಸಿಕೊಂಡರೆ ಜಗತ್ತಿನ ಪ್ರವೃತ್ತಿಗಳೂ ಬದಲಾಗುತ್ತವೆ, ಬೇರೆಯವರು ಏನು ಮಾಡುತ್ತಾರೋ ಎಂದು ಕಾಯಬೇಕಿಲ್ಲ ಎಂಬಲ್ಲಿಗೆ ಬರುತ್ತಾರೆ.

ಗೋಡೆಯ ಮೇಲಿರುವ ಘೋಷಣೆಗೆ ಹತ್ತಿರದ ರೂಪ ಅಮೆರಿಕದ ಶಿಕ್ಷಕಿ ಆರ್ಲೀನ್ ಲೊರಾನ್ಸ್ ಅವರ 1970ರ ದಶಕದ ಬರಹದಲ್ಲಿದೆ. ಗಾಂಧೀಜಿಯ ಅಸಲಿ ಮಾತು ಉದ್ದ, ಗೋಡೆಗೆ ಹಿಡಿಸದು. ಆದರೆ ನನಗೆ ಅದೇ ಹೆಚ್ಚು ಇಷ್ಟ. ಅದರಲ್ಲಿ ಹಾವಿದೆ, ಘೋಷಣೆಯಲ್ಲಿ ಏನೂ ಇಲ್ಲ.

'ಕಾಯಕವೇ ಕೈಲಾಸ' ಬಸವಣ್ಣನವರದ್ದೇ ತಾನೆ?

ಆ ತತ್ತ್ವಕ್ಕೆ ಬಸವಣ್ಣನವರ ಹೆಸರು ಅಂಟಿಕೊಂಡಿರುವುದು ಸಹಜ. ಮಾತು ಮಾತ್ರ ಆಯ್ದಕ್ಕಿ ಮಾರಯ್ಯನ ವಚನದ್ದು. ಕಾಯಕದಲ್ಲಿ ನಿರತನಾದಡೆ ಗುರುದರ್ಶನವಾದಡೂ ಮರೆಯಬೇಕು, ಲಿಂಗಪೂಜೆಯಾದಡೂ ಮರೆಯಬೇಕು ಎಂದು ಹೊರಡುವ ಆ ವಚನ 'ಕಾಯಕವೆ ಕೈಲಾಸವಾದ ಕಾರಣ' ಎಂಬಲ್ಲಿಗೆ ಬಂದು, ಅಮರೇಶ್ವರಲಿಂಗವಾದರೂ ಕಾಯಕದೊಳಗು ಎಂದು ಮುಗಿಯುತ್ತದೆ.

ಯಾರ ಬಾಯಲ್ಲಿ ಬಂತು ಎನ್ನುವುದರಿಂದ ಮಾತಿನ ತೂಕ ಬದಲಾಗುತ್ತದೆ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಕನ್ನಡದಲ್ಲಿ ನನಗೆ ಕಾಣದು. ರಾಜ್ಯದ ಭಂಡಾರಿಯೊಬ್ಬರು ದುಡಿಮೆಯನ್ನು ಹೊಗಳುವುದು ಬೇರೆ, ಚೆಲ್ಲಿದ ಅಕ್ಕಿ ಆಯ್ದು ಬದುಕಿದವನು 'ನನ್ನ ಕೆಲಸದ ಮುಂದೆ ದೇವರೂ ಆಮೇಲೆ' ಎನ್ನುವುದು ಬೇರೆ. ಇವತ್ತು ಆ ಎರಡು ಪದಗಳನ್ನು ಕತ್ತರಿಸಿ, 'ಸುಮ್ಮನೆ ದುಡಿ' ಎಂದು ಕೆಳಗಿನವರಿಗೆ ಹೇಳಲು ಮೇಲಿನವರು ಬಳಸುವುದುಂಟು. ಪೂರ್ತಿ ವಚನ ಓದಿದವರಿಗೆ ಆ ಧೈರ್ಯ ಬರಲಾರದು.

ಕೊನೆಯಲ್ಲಿ 'ಸರ್ವಜ್ಞ' ಅಂತ ಇದ್ರೆ ಸರ್ವಜ್ಞನದ್ದೇ ಆಗಿರಬೇಕಲ್ವಾ? ಅಂಕಿತ ಇರೋದೇ ಅದಕ್ಕಲ್ವಾ?

ಅಂಕಿತ ದೊಡ್ಡ ಸಹಾಯ. 'ಕೂಡಲಸಂಗಮದೇವ' ಕಂಡರೆ ಬಸವಣ್ಣ, 'ಗುಹೇಶ್ವರ' ಕಂಡರೆ ಅಲ್ಲಮ, 'ಪುರಂದರವಿಠಲ' ಕಂಡರೆ ಪುರಂದರದಾಸರು ಎಂದು ಹುಡುಕಾಟ ಶುರುಮಾಡಬಹುದು. ಶುರುಮಾಡಬಹುದು ಅಷ್ಟೆ. ಅಂಕಿತವನ್ನು ಯಾರು ಬೇಕಾದರೂ ಕೊನೆಗೆ ಅಂಟಿಸಬಹುದು, ಅಂಟಿಸಿಯೂ ಇದ್ದಾರೆ. ಸರ್ವಜ್ಞನ ತ್ರಿಪದಿಗಳು ಶತಮಾನಗಳ ಕಾಲ ಜನರ ಬಾಯಲ್ಲೇ ಬೆಳೆದವು. ಉತ್ತಂಗಿ ಚನ್ನಪ್ಪನವರು ಅವನ್ನು ಹುಡುಕಿ ಕೂಡಿಸಿ ಪುಸ್ತಕ ಮಾಡಿದ್ದು 1924ರಲ್ಲಿ. ಅಷ್ಟರಲ್ಲಿ ಯಾವ ಯಾವ ಊರಿನ ಜಾಣರು ತಮ್ಮದೂ ಒಂದಿರಲಿ ಎಂದು ಸೇರಿಸಿದ್ದರೋ ಬಿಡಿಸಿ ಹೇಳುವವರಿಲ್ಲ.

ಕಗ್ಗದ ವಿಷಯದಲ್ಲಿ ಈ ಕಷ್ಟವಿಲ್ಲ. ಡಿ.ವಿ.ಜಿ.ಯವರು ಬರೆದು 1943ರಲ್ಲಿ ಅಚ್ಚಾದದ್ದು, 945 ಪದ್ಯಗಳಿಗೂ ಸಂಖ್ಯೆ ಇದೆ. 'ಮಂಕುತಿಮ್ಮ' ಎಂದು ಮುಗಿಯುವ ಪದ್ಯ ಬಂದರೆ ಸಂಖ್ಯೆ ಕೇಳಿ. ಕಳಿಸಿದವರು ಸುಮ್ಮನಾದರೆ ಪುಸ್ತಕ ತೆರೆಯಿರಿ.

## ಸ್ವಲ್ಪ ಒಳಗೆ ಹೋದಾಗ

'ನಿನ್ನ ಮಾತು ಒಪ್ಪಲ್ಲ, ಆದರೆ ಅದನ್ನ ಹೇಳೋ ನಿನ್ನ ಹಕ್ಕಿಗಾಗಿ ಪ್ರಾಣ ಕೊಡ್ತೀನಿ'. ವೋಲ್ಟೇರ್ ಇದನ್ನೂ ಹೇಳಿಲ್ವಾ?

ಇಲ್ಲ. ಬರೆದವರು ಇಂಗ್ಲೆಂಡಿನ ಲೇಖಕಿ ಎವಲಿನ್ ಬೀಟ್ರಿಸ್ ಹಾಲ್. ಫ್ರಾನ್ಸಿನ ಚಿಂತಕ ವೋಲ್ಟೇರ್ ಮತ್ತವನ ಗೆಳೆಯರ ಬಗ್ಗೆ 1906ರಲ್ಲಿ, ಎಸ್. ಜಿ. ಟ್ಯಾಲೆಂಟೈರ್ ಎಂಬ ಗಂಡುಹೆಸರಿನಂತೆ ಕೇಳಿಸುವ ಕಾವ್ಯನಾಮದಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ಅವನ ನಿಲುವು ಹೀಗಿತ್ತು ಎಂದು ವಿವರಿಸಲು ಆಕೆ ಕಟ್ಟಿದ ವಾಕ್ಯ ಅದು. ಉದ್ಧರಣ ಚಿಹ್ನೆ ಹಾಕಿದ್ದರಿಂದ ಓದುಗರು ಅವನದ್ದೇ ಎಂದುಕೊಂಡರು. ಅಭಿವ್ಯಕ್ತಿ ಸ್ವಾತಂತ್ರ್ಯದ ಬಗ್ಗೆ ಜಗತ್ತಿನಲ್ಲೇ ಹೆಚ್ಚು ಉಲ್ಲೇಖವಾಗುವ ಮಾತುಗಳಲ್ಲಿ ಒಂದನ್ನು ಬರೆದಾಕೆಯ ಹೆಸರು ಯಾರಿಗೂ ಗೊತ್ತಿಲ್ಲ. ಇನ್ನು ಮುಂದಾದರೂ ಆಕೆಯ ಹೆಸರಲ್ಲೇ ಬಳಸಿ.

ರಾಜಕಾರಣಿಗಳ ಭಾಷಣ ಬೇರೆಯವರು ಬರೆದುಕೊಟ್ಟಿರ್ತಾರೆ. ಆಗ ಮಾತು ಯಾರದ್ದು ಅನ್ನಬೇಕು?

ಆಡಿದವರದ್ದು, ಯಾಕೆಂದರೆ ಆ ಮಾತಿನ ಹೊಣೆ ಹೊತ್ತವರು ಅವರು. 'ದೇಶ ನಿಮಗೇನು ಮಾಡಬಲ್ಲದು ಎಂದು ಕೇಳಬೇಡಿ, ದೇಶಕ್ಕೆ ನೀವೇನು ಮಾಡಬಲ್ಲಿರಿ ಎಂದು ಕೇಳಿ' ಎಂದು 1961ರ ಜನವರಿ 20ರಂದು ಹೇಳಿದವರು ಕೆನಡಿ. ಭಾಷಣ ಸಿದ್ಧಪಡಿಸುವಲ್ಲಿ ಜೊತೆಗಿದ್ದವರು ಟೆಡ್ ಸೊರೆನ್ಸನ್. ಇದಕ್ಕೆ ತದ್ವಿರುದ್ಧ, ಗಾಂಧೀಜಿಯ ಹತ್ಯೆಯಾದ ರಾತ್ರಿ, 1948ರ ಜನವರಿ 30ರಂದು, ನೆಹರೂ ಬಾನುಲಿಯಲ್ಲಿ 'ನಮ್ಮ ಬದುಕಿನ ಬೆಳಕು ನಂದಿಹೋಗಿದೆ' ಎಂದಾಗ ಕೈಯಲ್ಲಿ ಚೀಟಿಯೂ ಇರಲಿಲ್ಲ. ಆ ತಡವರಿಕೆಯೇ ಆ ಮಾತಿನ ಶಕ್ತಿ.

ನಮ್ಮಲ್ಲಿ ಈ ಪ್ರಶ್ನೆ ಹೊಸದೇನಲ್ಲ. 'ಕಾವೇರಿಯಿಂದಮಾ ಗೋದಾವರಿವರಮಿರ್ದ' ಎಂಬ ಸಾಲನ್ನು ಬಹುಕಾಲ ನೃಪತುಂಗನದ್ದೆಂದೇ ಹೇಳುತ್ತಿದ್ದರು. ಆ ಸಾಲಿರುವ ಕವಿರಾಜಮಾರ್ಗವೇ ತನ್ನನ್ನು 'ನೃಪತುಂಗದೇವಾನುಮತ' ಎಂದುಕೊಳ್ಳುತ್ತದೆ. ರಾಜ ಒಪ್ಪಿದ್ದು, ಬರೆದವನು ಶ್ರೀವಿಜಯ ಎಂಬುದು ಇವತ್ತಿನ ವಿದ್ವಾಂಸರ ಸಾಮಾನ್ಯ ಅಭಿಪ್ರಾಯ. ಘೋಷಣೆಗಳಲ್ಲೂ ಹೀಗೇ. 'ಇನ್‌ಕಿಲಾಬ್ ಜಿಂದಾಬಾದ್' ಕಟ್ಟಿದವರು ಉರ್ದು ಕವಿ ಹಸ್ರತ್ ಮೊಹಾನಿ, ಅದಕ್ಕೆ ಪ್ರಾಣ ಕೊಟ್ಟವರು ಭಗತ್ ಸಿಂಗ್ ಮತ್ತು ಸಂಗಾತಿಗಳು. ಎರಡೂ ಹೆಸರು ಹೇಳಲು ನಿಮಗೆ ಹಿಡಿಯುವುದು ನಾಲ್ಕು ಸೆಕೆಂಡು.

ನಾಟಕದ ಪಾತ್ರ ಹೇಳಿದ್ದನ್ನ 'ಶೇಕ್ಸ್‌ಪಿಯರ್ ಹೇಳಿದ್ದಾನೆ' ಅಂತ ಬರೆದ್ರೆ ತಪ್ಪಾ?

'ಬರೆದಿದ್ದಾನೆ' ಎನ್ನಿ, 'ಹೇಳಿದ್ದಾನೆ' ಎಂದರೆ ಅದು ಅವನ ಅಭಿಪ್ರಾಯ ಎಂದಾಗುತ್ತದೆ. 'ನಿನಗೆ ನೀನು ಸತ್ಯವಾಗಿರು', 'ಸಾಲ ಕೊಡಬೇಡ, ಸಾಲ ತರಬೇಡ' ಎಂಬ ಎರಡೂ ಉಪದೇಶ ಹ್ಯಾಮ್ಲೆಟ್ ನಾಟಕದ ಪೊಲೋನಿಯಸ್‌ದು. ಅವನು ಬಾಯಿ ಬಿಟ್ಟರೆ ಮುಗಿಸದ ಆಸ್ಥಾನದ ಮುದುಕ. ಮಗನಿಗೆ ಹೀಗೆ ಉಪದೇಶ ಕೊಟ್ಟು ಕಳಿಸಿ, ಮುಂದೆ ಅದೇ ಮಗನ ಬೆನ್ನಿಗೆ ಗುಟ್ಟಾಗಿ ಆಳು ಅಟ್ಟುವವನು! ಅದನ್ನು ಬೀಳ್ಕೊಡುಗೆ ಸಮಾರಂಭದಲ್ಲಿ ಗಂಭೀರವಾಗಿ ಓದುವುದನ್ನು ಕೇಳಿದಾಗಲೆಲ್ಲ ನನಗೆ ನಗು ತಡೆಯುವುದು ಕಷ್ಟ.

ಒಂದೇ ಒಂದು ಸಾಲು ಎತ್ತಿಕೊಂಡ್ರೆ ಅರ್ಥ ಕೆಡುತ್ತೆ ಅಂತೀರಲ್ಲ, ಎಷ್ಟು ಕೆಟ್ಟೀತು?

ಪೂರ್ತಿ ಬೆನ್ನು ತಿರುಗಿಸುವಷ್ಟು. 'ಧರ್ಮ ಜನರ ಅಫೀಮು' ಎಂಬ ಮಾರ್ಕ್ಸ್‌ನ ಮಾತು ಬೈಗುಳವೆಂದೇ ಪ್ರಸಿದ್ಧ. 1844ರ ಆ ಲೇಖನದಲ್ಲಿ ಅದರ ಹಿಂದಿನ ವಾಕ್ಯ ಧರ್ಮವನ್ನು ದಮನಿತ ಜೀವಿಯ ನಿಟ್ಟುಸಿರು, ಹೃದಯವಿಲ್ಲದ ಲೋಕದ ಹೃದಯ ಎಂದು ಕರೆಯುತ್ತದೆ. ಆಗ ಅಫೀಮನ್ನು ನೋವು ಮರೆಸುವ ಔಷಧಿಯಾಗಿಯೂ ಕೊಡುತ್ತಿದ್ದರು. ಮಾರ್ಕ್ಸ್ ಧರ್ಮವನ್ನು ಟೀಕಿಸುತ್ತಿದ್ದಾನೆ, ಅನುಮಾನವಿಲ್ಲ. ಆದರೆ ಅವನ ಸಿಟ್ಟು ಮದ್ದಿನ ಮೇಲಿರುವುದಕ್ಕಿಂತ ಗಾಯ ಮಾಡಿದವರ ಮೇಲೆ.

ಪಂಪನ 'ಮನುಷ್ಯಜಾತಿ ತಾನೊಂದೆ ವಲಂ' ನಮ್ಮ ಹೆಮ್ಮೆಯ ಸಾಲು. 941ರ ಆದಿಪುರಾಣದ್ದು. ಪಂಪ ಅನುಸರಿಸಿದ ಜಿನಸೇನರ ಸಂಸ್ಕೃತ ಪುರಾಣದಲ್ಲಿ 'ಮನುಷ್ಯಜಾತಿರೇಕೈವ' ಎಂಬ ಶ್ಲೋಕವಿದೆ. ಅದರ ಉತ್ತರಾರ್ಧದಲ್ಲಿ, ವೃತ್ತಿಭೇದದಿಂದ ಆ ಒಂದು ಜಾತಿ ನಾಲ್ಕಾಯಿತು ಎಂಬ ಮಾತು ಬರುತ್ತದೆ. ವರ್ಣಗಳು ಹೇಗೆ ಬಂದವು ಎಂದು ವಿವರಿಸುವ ಸಂದರ್ಭ ಅದು. ಸಾಲನ್ನು ಇವತ್ತಿನ ಸಮಾನತೆಯ ಅರ್ಥದಲ್ಲಿ ಬಳಸಲು ನನ್ನ ಅಡ್ಡಿಯಿಲ್ಲ. ಬಳಸುವವರಿಗೆ ಉಳಿದರ್ಧ ಗೊತ್ತಿರಲಿ, ಯಾರಾದರೂ ಎದ್ದು ಕೇಳಿದರೆ ತೊದಲಬಾರದು.

ಚಿತ್ರ ಬಿಡಿಸೋರು, ಶಿಲ್ಪಿಗಳ ಮಾತುಗಳನ್ನ ನಂಬಬಹುದಾ?

ಕಲಾವಿದರು ಬರೆದದ್ದಕ್ಕಿಂತ ಅವರ ಬಗ್ಗೆ ಬೇರೆಯವರು ಹೇಳಿದ್ದೇ ಹೆಚ್ಚು. ಹೀಗಾಗಿ ಇಲ್ಲಿ ಕಳೆ ಜಾಸ್ತಿ. 'ಒಳ್ಳೆಯ ಕಲಾವಿದರು ನಕಲು ಮಾಡುತ್ತಾರೆ, ದೊಡ್ಡ ಕಲಾವಿದರು ಕದಿಯುತ್ತಾರೆ' ಎಂಬುದನ್ನು ಪಿಕಾಸೊ ಹೆಸರಲ್ಲಿ ಸ್ಟೀವ್ ಜಾಬ್ಸ್ ಜನಪ್ರಿಯಗೊಳಿಸಿದರು. ಅಚ್ಚಿನಲ್ಲಿ ಸಿಗುವುದು 1920ರಲ್ಲಿ ಟಿ. ಎಸ್. ಎಲಿಯಟ್ ಬರೆದ ಬೇರೆಯೇ ವಾಕ್ಯ: ಅಪಕ್ವ ಕವಿಗಳು ಅನುಕರಿಸುತ್ತಾರೆ, ಪಕ್ವ ಕವಿಗಳು ಕದಿಯುತ್ತಾರೆ. 'ಎಲ್ಲರಿಗೂ 15 ನಿಮಿಷದ ಖ್ಯಾತಿ' ಎಂಬ ಆಂಡಿ ವಾರ್ಹಾಲ್ ಮಾತು 1968ರ ಸ್ಟಾಕ್‌ಹೋಮ್ ಪ್ರದರ್ಶನದ ಕೈಪಿಡಿಯಲ್ಲಿದೆ, ಆದರೂ ಅದು ನಿಜಕ್ಕೂ ಯಾರ ಮಾತು ಎಂಬ ಜಗಳ ಇವತ್ತಿಗೂ ಇದೆ.

ನಂಬಬಹುದಾದದ್ದು ಪತ್ರಗಳು. ವ್ಯಾನ್ ಗೋ ತಮ್ಮ ಥಿಯೋಗೆ ಬರೆದ ಪತ್ರಗಳು ತಾರೀಖಿನ ಸಮೇತ ಉಳಿದಿವೆ. ಚಿಕ್ಕ ಚಿಕ್ಕ ಸಂಗತಿಗಳು ಕೂಡಿಯೇ ದೊಡ್ಡದಾಗುತ್ತದೆ ಎಂದು ಅವನು ಬರೆದದ್ದು 1882ರ ಅಕ್ಟೋಬರಿನ ಪತ್ರದಲ್ಲಿ. ಆಗಿನ್ನೂ ಅವನು ಚಿತ್ರ ಬರೆಯುವುದನ್ನು ಕಲಿಯುತ್ತಿದ್ದ. ಅದು ಹುಡುಗಾಟದ ಹೊತ್ತಲ್ಲ, 29ರ ವಯಸ್ಸಿನಲ್ಲಿ ಹಣಕ್ಕೆ ತಮ್ಮನ ಮೇಲೆ ನಿಂತಿದ್ದ ಹೊತ್ತು. ಅದು ತಿಳಿದು ಓದಿದರೆ ಆ ಸಾಲು ಕೇವಲ ಸ್ಫೂರ್ತಿಮಾತಾಗಿ ಉಳಿಯುವುದಿಲ್ಲ.

## ಮೂಲ ಹುಡುಕುವವರಿಗೆ

ಮೂಲ ಹುಡುಕೋದು ಎಲ್ಲಿಂದ ಶುರು ಮಾಡಲಿ?

'ಯಾರು' ಎಂಬ ಪ್ರಶ್ನೆ ಬದಿಗಿಟ್ಟು 'ಎಲ್ಲಿ, ಯಾವಾಗ' ಎಂದು ಕೇಳುವುದರಿಂದ. ಒಂದು ಮಾತನ್ನೇ ಹಿಡಿದು ನೋಡೋಣ: 'ಮೊದಲು ನಿಮ್ಮನ್ನು ಕಡೆಗಣಿಸುತ್ತಾರೆ, ಆಮೇಲೆ ನಗುತ್ತಾರೆ, ಆಮೇಲೆ ಹೊಡೆದಾಡುತ್ತಾರೆ, ಕೊನೆಗೆ ನೀವು ಗೆಲ್ಲುತ್ತೀರಿ.' ಹೆಸರು, ಮತ್ತೆ ಗಾಂಧೀಜಿಯದೇ. ಅವರ ಸಮಗ್ರ ಕೃತಿಗಳು 100 ಸಂಪುಟ, ಅಂತರ್ಜಾಲದಲ್ಲಿ ಉಚಿತವಾಗಿವೆ. ಅಲ್ಲಿ ಇದು ಸಿಗುವುದಿಲ್ಲ. ಈಗ ಹೆಸರು ಬಿಟ್ಟು ವಾಕ್ಯದ ತುಂಡುಗಳನ್ನು ಮಾತ್ರ ಹಳೆಯ ಪುಸ್ತಕ, ಪತ್ರಿಕೆಗಳಲ್ಲಿ, ಇಸವಿ ಹಿಂದಕ್ಕೆ ಸರಿಸುತ್ತಾ ಹುಡುಕಬೇಕು. 'ನಗುತ್ತಾರೆ' ಬದಲು 'ಗೇಲಿ ಮಾಡುತ್ತಾರೆ' ಎಂಬಂಥ ಸಮಾನಪದಗಳನ್ನೂ ಹಾಕಬೇಕು. ಹಾಗೆ ಹೋದರೆ 1918ರಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿ ಉಡುಪು ಕಾರ್ಮಿಕರ ಸಮಾವೇಶದಲ್ಲಿ ನಿಕೊಲಸ್ ಕ್ಲೈನ್ ಮಾಡಿದ ಭಾಷಣದ ವರದಿ ಎದುರಾಗುತ್ತದೆ. ಮೊದಲು ಕಡೆಗಣಿಸುತ್ತಾರೆ, ಆಮೇಲೆ ಗೇಲಿ ಮಾಡುತ್ತಾರೆ, ಆಮೇಲೆ ಸುಡಲು ಬರುತ್ತಾರೆ, ಕೊನೆಗೆ ನಿಮಗೆ ಸ್ಮಾರಕ ಕಟ್ಟುತ್ತಾರೆ ಎನ್ನುತ್ತಾನೆ ಅವನು. ಸ್ಮಾರಕದ ಕುಹಕ ಉದುರಿ 'ಗೆಲ್ಲುತ್ತೀರಿ' ಉಳಿಯಿತು.

ಸಂಸತ್ತಿನಂಥ ಸಭೆಯಲ್ಲಿ ಆಡಿದ ಮಾತಾದರೆ ಕೆಲಸ ಸಲೀಸು. ರಾಜಕೀಯದಲ್ಲಿ ಭಕ್ತಿ ಅಥವಾ ವ್ಯಕ್ತಿಪೂಜೆ ಅಧಃಪತನಕ್ಕೂ ಕೊನೆಗೆ ಸರ್ವಾಧಿಕಾರಕ್ಕೂ ದಾರಿ ಎಂದು ಅಂಬೇಡ್ಕರ್ ಹೇಳಿದ್ದು 1949ರ ನವೆಂಬರ್ 25ರಂದು, ಸಂವಿಧಾನ ಸಭೆಯ ನಡಾವಳಿಯಲ್ಲಿ ಪದಶಃ ಇದೆ. ವಚನವಾದರೆ ಸರ್ಕಾರ ಪ್ರಕಟಿಸಿದ 15 ಸಂಪುಟಗಳ ಸಮಗ್ರ ವಚನ ಸಂಪುಟ ನೋಡಿ. ಸೂಕ್ತಿ ಸಂಗ್ರಹಗಳನ್ನು ಮಾತ್ರ ಸಾಕ್ಷಿಯೆಂದು ಹಿಡಿಯಬೇಡಿ, ಒಂದು ಸಂಗ್ರಹ ಇನ್ನೊಂದರ ಬೆನ್ನು ನೋಡಿ ಬರೆದದ್ದು.

ಎಐ ಕೇಳಿದ್ರೆ ಪುಟಸಂಖ್ಯೆ ಸಮೇತ ಹೇಳುತ್ತಲ್ಲ, ಇಷ್ಟೆಲ್ಲ ಯಾಕೆ?

ಹೇಳುತ್ತದೆ. ಇಲ್ಲದ ಪುಟವನ್ನೂ ಅಷ್ಟೇ ಧೈರ್ಯವಾಗಿ ಹೇಳುತ್ತದೆ. ಸುಳಿವಿಗೆ ಬಳಸಿ, ಆಮೇಲೆ ಆ ಪುಟ ತೆರೆದು ಕಣ್ಣಾರೆ ನೋಡಿ.

ಒಂದೇ ಮಾತಿಗೆ ನಾಲ್ಕು ಪಾಠ, ಅಂದ್ರೆ ನಾಲ್ಕು ರೂಪ ಸಿಕ್ಕಿದ್ರೆ ಯಾವುದು ಸರಿ?

ಸಾಮಾನ್ಯವಾಗಿ ಹಳೆಯದು, ಒರಟಾದದ್ದು. ಬಾಯಿಗೆ ಬಿದ್ದ ಮಾತು ನುಣುಪಾಗುತ್ತಾ ಹೋಗುತ್ತದೆ. ಚರ್ಚಿಲ್ 1940ರ ಮೇ 13ರಂದು ಕೊಡುತ್ತೇನೆಂದದ್ದು ರಕ್ತ, ದುಡಿಮೆ, ಕಣ್ಣೀರು, ಬೆವರು ನಾಲ್ಕನ್ನೂ. ಜನ ದುಡಿಮೆಯನ್ನು ಕೈಬಿಟ್ಟು ಮೂರು ಉಳಿಸಿಕೊಂಡರು. ಮಾರ್ಕ್ ಟ್ವೈನ್ 1897ರಲ್ಲಿ ಪತ್ರಕರ್ತನಿಗೆ ಬರೆದುಕೊಟ್ಟದ್ದು 'ನನ್ನ ಸಾವಿನ ವರದಿ ಉತ್ಪ್ರೇಕ್ಷೆಯಾಗಿತ್ತು' ಎಂದಷ್ಟೇ. 'ವಿಪರೀತ' ಆಮೇಲೆ ಸೇರಿತು. ಕುವೆಂಪು ಬರೆದದ್ದು 'ಎಂದೆಂದಿಗು ನೀ ಕನ್ನಡವಾಗಿರು'. ಬ್ಯಾನರುಗಳಲ್ಲಿ ಅದು 'ಕನ್ನಡಿಗನಾಗಿರು' ಆಗಿ ಅರ್ಧ ಜನ ಹೊರಗುಳಿಯುತ್ತಾರೆ.

ಒಂದೇ ಸರಿ ಪಾಠ ಇಲ್ಲದ ಪ್ರಸಂಗವೂ ಉಂಟು. 'ಮೊದಲು ಅವರು ಕಮ್ಯುನಿಸ್ಟರನ್ನು ಹಿಡಿಯಲು ಬಂದರು, ನಾನು ಸುಮ್ಮನಿದ್ದೆ' ಎಂಬುದನ್ನು ಜರ್ಮನಿಯ ಪಾದ್ರಿ ಮಾರ್ಟಿನ್ ನೀಮೊಲರ್ ನಾತ್ಸಿಗಳ ಬಗ್ಗೆ ಯುದ್ಧಾನಂತರ ಬೇರೆ ಬೇರೆ ಸಭೆಗಳಲ್ಲಿ ಬೇರೆ ಬೇರೆ ಥರ ಹೇಳಿದ. ಪಟ್ಟಿಯಲ್ಲಿ ಯಾರು ಬರುತ್ತಾರೆ, ಯಾರು ಬಿಡುತ್ತಾರೆ ಎಂಬುದು ಸಭೆಯಿಂದ ಸಭೆಗೆ ಬದಲಾಗಿದೆ. ಅಲ್ಲಿ ಯಾವ ಪಾಠ ಬಳಸಿದಿರಿ ಎಂದು ಹೇಳಿದರೆ ಸಾಕು.

'ಅವರು ಹೇಳಿಲ್ಲ' ಅಂತ ಅಷ್ಟು ಖಡಾಖಂಡಿತವಾಗಿ ಹೇಳೋದು ಹೇಗೆ ಸಾಧ್ಯ? ಯಾರ ಕಿವಿಯಲ್ಲಾದರೂ ಹೇಳಿರಬಹುದಲ್ಲ?

ಹೇಳಿರಬಹುದು. ಅದಕ್ಕೇ 'ಬರಹಗಳಲ್ಲಿ ಸಿಕ್ಕಿಲ್ಲ' ಎನ್ನುವುದು ಲೇಸು. ಆದರೆ ಸಾಬೀತು ಮಾಡುವ ಭಾರ ಹೆಸರು ಹಾಕಿದವರ ಮೇಲಿದೆ. ಕಾಲದ ಅಂತರ ನೋಡಿ: ಗೆಲಿಲಿಯೋನ ವಿಚಾರಣೆ 1633ರಲ್ಲಿ, 'ಆದರೂ ಭೂಮಿ ಚಲಿಸುತ್ತದೆ' ಎಂದು ಅವನು ಗೊಣಗಿದ ಕಥೆ ಅಚ್ಚಾದದ್ದು 1757ರಲ್ಲಿ. ಕೆಲವೊಮ್ಮೆ ಪಂಚಾಂಗವೇ ತೀರ್ಪು ಕೊಡುತ್ತದೆ. 'ರೊಟ್ಟಿ ಇಲ್ಲದಿದ್ದರೆ ಕೇಕ್ ತಿನ್ನಲಿ' ಎಂಬ ಕಥೆಯನ್ನು ರೂಸೋ ತನ್ನ ಆತ್ಮಕಥೆಯ ಮೊದಲ ಭಾಗದಲ್ಲಿ ಒಬ್ಬ 'ದೊಡ್ಡ ರಾಜಕುಮಾರಿ'ಯ ಬಗ್ಗೆ ಬರೆದಾಗ, ಈ ಮಾತನ್ನು ಯಾರ ತಲೆಗೆ ಕಟ್ಟುತ್ತಾರೋ ಆ ಫ್ರಾನ್ಸಿನ ರಾಣಿ ಮರೀ ಆಂಟ್ವನೆಟ್ ಇನ್ನೂ ಹುಡುಗಿ, ಫ್ರಾನ್ಸಿಗೆ ಕಾಲಿಟ್ಟಿರಲೇ ಇಲ್ಲ.

ಮಾತು ಒಳ್ಳೇದಿದ್ರೆ ಸಾಲದಾ? ಯಾರು ಹೇಳಿದ್ರೇನು?

ಹಾಗಾದರೆ ಹೆಸರಿಲ್ಲದೆ ಹೇಳಿ ನೋಡಿ. ಹೇಳಲು ಮನಸ್ಸು ಬಾರದಿದ್ದರೆ ನೀವು ನೆಚ್ಚಿಕೊಂಡದ್ದು ಮಾತನ್ನಲ್ಲ, ಹೆಸರನ್ನು. ಅಲ್ಲದೆ ತಪ್ಪು ಹೆಸರಿನಿಂದ ಒಬ್ಬರಿಗೆ ನಷ್ಟವೂ ಆಗುತ್ತದೆ, ಸಾಮಾನ್ಯವಾಗಿ ಆ ಒಬ್ಬರು ಹೆಂಗಸು, ಬಡವ, ಇಲ್ಲವೇ ಕಾರ್ಮಿಕ ಸಂಘದಲ್ಲಿ ಮಾತಾಡಿದ ಯಾರೋ.

ನಾಳೆ ಭಾಷಣ ಇದೆ, ಮೂಲ ಸಿಕ್ಕಿಲ್ಲ. ಏನಂತ ಹೇಳಲಿ?

'ಇಂಥವರ ಹೆಸರಲ್ಲಿ ಒಂದು ಮಾತು ಪ್ರಚಲಿತದಲ್ಲಿದೆ' ಎನ್ನಿ. ಸಭೆಯಲ್ಲಿ ಯಾರೂ ಇದರಿಂದ ನಿಮ್ಮನ್ನು ಕಡಿಮೆ ಎಣಿಸುವುದಿಲ್ಲ. 1947ರ ನವೆಂಬರಿನಲ್ಲಿ ಬ್ರಿಟಿಷ್ ಸಂಸತ್ತಿನಲ್ಲಿ ಚರ್ಚಿಲ್, ಪ್ರಜಾಪ್ರಭುತ್ವ ಅತ್ಯಂತ ಕೆಟ್ಟ ಪದ್ಧತಿ, ಈವರೆಗೆ ಪ್ರಯತ್ನಿಸಿದ ಉಳಿದೆಲ್ಲವನ್ನು ಬಿಟ್ಟರೆ ಎಂದದ್ದು 'ಹೀಗೊಂದು ಮಾತಿದೆ' ಎಂಬ ಪೀಠಿಕೆಯ ಜೊತೆಗೇ. ಅವರು ತಮ್ಮದಲ್ಲ ಎಂದರೂ ಲೋಕ ಅವರದ್ದೇ ಮಾಡಿತು, ಅದು ಬೇರೆ ಮಾತು.

ಇಂಗ್ಲಿಷಿನದನ್ನ ನಾನೇ ಕನ್ನಡಕ್ಕೆ ತಂದ್ರೆ ಉದ್ಧರಣ ಚಿಹ್ನೆ ಹಾಕಬಹುದಾ?

ಹಾಕಿ, ಪಕ್ಕದಲ್ಲಿ 'ಅನುವಾದ ನನ್ನದು' ಎಂದು ಬರೆಯಿರಿ. ಭಾವಾರ್ಥ ಮಾತ್ರ ಕೊಡುತ್ತಿದ್ದರೆ ಚಿಹ್ನೆ ಬೇಡ. ಎವಲಿನ್ ಹಾಲ್ ಪಟ್ಟ ಪಾಡು ನೋಡಿದಿರಲ್ಲ.

ಕವಿಯ ನಾಲ್ಕು ಸಾಲು ಪುಸ್ತಕದಲ್ಲಿ ಹಾಕಿಕೊಳ್ಳೋಕೆ ಅನುಮತಿ ಬೇಕಾ?

ವಿಮರ್ಶೆಗಾಗಿ ಒಂದೆರಡು ಸಾಲು, ಕವಿಯ ಹೆಸರಿನ ಸಮೇತ ಉಲ್ಲೇಖಿಸಲು ಸಾಮಾನ್ಯವಾಗಿ ಬೇಡ. ಇಡೀ ಪದ್ಯ ಅಚ್ಚು ಹಾಕಲು, ಮಾರುವ ವಸ್ತುವಿನ ಮೇಲೆ ಮುದ್ರಿಸಲು ಬೇಕು. ಹಕ್ಕಿನ ಅವಧಿ ದೇಶದಿಂದ ದೇಶಕ್ಕೆ ಬೇರೆ. ಭಾರತದಲ್ಲಿ ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷ. ಕುವೆಂಪು ತೀರಿಕೊಂಡದ್ದು 1994ರಲ್ಲಿ, ಹಾಗಾಗಿ 2054ರ ಕೊನೆಯವರೆಗೆ. ಪಂಪನನ್ನು, ಮಾರಯ್ಯನನ್ನು ಯಾರನ್ನೂ ಕೇಳಬೇಕಿಲ್ಲ. ಆದರೆ ಹಳಗನ್ನಡದ ಸಾಲಿಗೆ ಈಚಿನ ವಿದ್ವಾಂಸರೊಬ್ಬರು ಕೊಟ್ಟ ಹೊಸಗನ್ನಡ ಗದ್ಯಾನುವಾದವನ್ನು ಎತ್ತಿಕೊಂಡರೆ, ಆ ಅನುವಾದದ ಹಕ್ಕು ಅವರದ್ದು.